ಅಪ್ಪನ ಮರೆವಿಗೆ ಮೂಗಿನ ಹನಿ: ಈ ಸೆಮ್ಯಾಕ್ಸ್ ಕೊಡಬಹುದಾ?

ವಿಜಯನಗರದ ಮಗಳು

ನಮಸ್ಕಾರ. ಅಪ್ಪನಿಗೆ 68. ಒಂದು ವರ್ಷದಿಂದ ಮರೆವು ಜಾಸ್ತಿಯಾಗಿದೆ. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಗ್ಯಾಸ್ ಬುಕ್ ಮಾಡಿದೆ ಅನ್ನುತ್ತಾರೆ, ಮಾಡಿರುವುದಿಲ್ಲ. ಆದರೆ ಬ್ಯಾಂಕು, ಬಸ್ಸು, ತರಕಾರಿ ಎಲ್ಲ ಈಗಲೂ ಅವರೇ ನೋಡಿಕೊಳ್ಳುತ್ತಾರೆ. ನರರೋಗದ ಡಾಕ್ಟರು ಪರೀಕ್ಷೆ ಮಾಡಿ ಎಂಸಿಐ ಎಂದರು. ಡಿಮೆನ್ಷಿಯಾ ಅಲ್ಲ, ಆದರೆ ವಯಸ್ಸಿನ ಮರೆವಿಗಿಂತ ಒಂದು ಹೆಜ್ಜೆ ಮುಂದೆ ಅಂತೆ. ಆರು ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ.

ಅಷ್ಟರಲ್ಲಿ ನನ್ನ ತಮ್ಮ ಜಿಮ್‌ನಲ್ಲಿ ಯಾರನ್ನೋ ಕೇಳಿ ಒಂದು ಸಣ್ಣ ಬಾಟಲಿ ತಂದಿದ್ದಾನೆ. ಸೆಮ್ಯಾಕ್ಸ್ ಅಂತ. ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ. ನೀರಿನಲ್ಲಿ ಕರಗಿಸಿ ಮೂಗಿಗೆ ಹಾಕಬೇಕಂತೆ. ರಷ್ಯಾದಲ್ಲಿ ಡಾಕ್ಟರುಗಳೇ ಬರೆದುಕೊಡುತ್ತಾರೆ ಅನ್ನುತ್ತಾನೆ. ಡೈಹೆಕ್ಸಾ ಅನ್ನುವ ಇನ್ನೊಂದನ್ನೂ ತರಿಸುವ ಯೋಚನೆಯಲ್ಲಿದ್ದಾನೆ. ಬಾಟಲಿ ಫ್ರಿಡ್ಜ್‌ನಲ್ಲಿದೆ, ಇನ್ನೂ ಕೊಟ್ಟಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಎಚ್‌ಎಸ್‌ಆರ್ ಹುಡುಗ

ಅಕ್ಕ, ಹೆದರಬೇಡಿ. ನಾನೇ ಕೆಲವು ತಿಂಗಳಿಂದ ಹಾಕಿಕೊಳ್ಳುತ್ತಿದ್ದೇನೆ. ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗಿಗೆ ಮುಂಚೆ ಎರಡು ಹನಿ. ಮಧ್ಯಾಹ್ನದ ಊಟದವರೆಗೆ ಕೋಡ್ ಬಿಟ್ಟು ಬೇರೆ ಕಡೆ ಮನಸ್ಸು ಹೋಗುವುದಿಲ್ಲ.

ಇದು ಯಾರೋ ಶೆಡ್ಡಿನಲ್ಲಿ ಕಲಸಿದ ಮದ್ದಲ್ಲ. ಮಾಸ್ಕೋದಲ್ಲಿ ರಷ್ಯಾದ ವಿಜ್ಞಾನ ಅಕಾಡೆಮಿಯ ಸಂಸ್ಥೆಯೊಂದು ರೂಪಿಸಿದ ಪೆಪ್ಟೈಡ್. ಬರೀ ಏಳು ಅಮೈನೊ ಆಮ್ಲಗಳ ಸರಪಳಿ. ಅಲ್ಲಿ ಲಕ್ವ ಹೊಡೆದವರಿಗೆ 1 ಪರ್ಸೆಂಟ್ ಹನಿ, ಸಣ್ಣಪುಟ್ಟ ತೊಂದರೆಗಳಿಗೆ 0.1 ಪರ್ಸೆಂಟ್ ಹನಿ. ಅಲ್ಲಿನ ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಇಲಿಗಳ ಮೆದುಳಿನಲ್ಲಿ ಬಿಡಿಎನ್‌ಎಫ್ ಏರುತ್ತದೆ ಅಂತ ಪೇಪರ್ ಬಂದಿದೆ. ಬಿಡಿಎನ್‌ಎಫ್ ಅಂದರೆ ನರಕೋಶಗಳನ್ನು ಬೆಳೆಸುವ, ಕಾಪಾಡುವ ಪ್ರೋಟೀನ್. ಆರು ತಿಂಗಳು ಸುಮ್ನೆ ಕೂರುವುದಕ್ಕಿಂತ ಏನಾದರೂ ಮಾಡುವುದು ವಾಸಿ ಅಲ್ವಾ?

ಮೆಡಿಕಲ್ ಅಂಗಡಿ, ರಾಜಾಜಿನಗರ

ಮೇಡಂ, ಆ ಬಾಟಲಿ ಮೇಲೆ ಏನೇನು ಬರೆದಿದೆ, ಒಂದಕ್ಷರ ಬಿಡದೆ ಹೇಳಿ.

ವಿಜಯನಗರದ ಮಗಳು

ಹೆಸರು. ಕೆಳಗೆ 10 ಎಂಜಿ. ಅದರ ಕೆಳಗೆ ತೀರಾ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಎಂದು ಇದೆ. ಅಷ್ಟೇ ಸರ್.

ಮೆಡಿಕಲ್ ಅಂಗಡಿ, ರಾಜಾಜಿನಗರ

ಹಾಗಾದರೆ ಬ್ಯಾಚ್ ನಂಬರ್ ಇಲ್ಲ. ತಯಾರಿಸಿದವರ ಲೈಸೆನ್ಸ್ ನಂಬರ್ ಇಲ್ಲ. ಯಾವಾಗ ಮಾಡಿದ್ದು, ಯಾವಾಗ ಎಕ್ಸ್‌ಪೈರಿ, ಅದೂ ಇಲ್ಲ. ನಿಮ್ಮ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಸ್ಟ್ರಿಪ್ ತಿರುಗಿಸಿ ನೋಡಿ, ಇವೆಲ್ಲ ಇರುತ್ತವೆ. ಯಾವುದಾದರೂ ಬ್ಯಾಚ್ ಕೆಟ್ಟಿದ್ದರೆ ಡ್ರಗ್ಸ್ ಕಂಟ್ರೋಲ್‌ನವರು ನಂಬರ್ ಸಮೇತ ಹೇಳುತ್ತಾರೆ, ನಾವು ಎತ್ತಿಟ್ಟು ವಾಪಸ್ ಕಳಿಸುತ್ತೇವೆ. ನಿಮ್ಮ ಬಾಟಲಿ ಕೆಟ್ಟಿದ್ದರೆ ವಾಪಸ್ ಕೇಳುವವರು ಯಾರು? ಇಂಥದ್ದನ್ನು ನಾನು ಕೌಂಟರ್‌ನಲ್ಲಿಟ್ಟರೆ ಇನ್ಸ್‌ಪೆಕ್ಟರ್ ಬಂದು ನನ್ನ ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ. ಜಿಮ್‌ನವನಿಗೆ ಲೈಸೆನ್ಸೇ ಇಲ್ಲ, ಕಿತ್ತುಕೊಳ್ಳಲು ಏನಿದೆ.

ಸುಮ್ನೆ ಓದುವವ

ಪೆಪ್ಟೈಡ್ ಅನ್ನುವುದೇ ಒಂದು ದಂಧೆ. ಮೊದಲು ಪ್ರೋಟೀನ್ ಪೌಡರ್ ಮಾರಿದರು, ಈಗ ಅದನ್ನೇ ತುಂಡು ಮಾಡಿ ಮಾರುತ್ತಿದ್ದಾರೆ. ಬಾದಾಮಿ ನೆನೆಸಿ ಕೊಡಿ, ಸಾಕು.

ಬೊಮ್ಮಸಂದ್ರ ಕೆಮಿಸ್ಟ್

ಪೆಪ್ಟೈಡ್ ಮಾಡುವುದೇ ನನ್ನ ಕೆಲಸ, ಆದ್ದರಿಂದ ದಂಧೆ ಅಂದರೆ ಸ್ವಲ್ಪ ನೋವಾಗುತ್ತದೆ. ಇನ್ಸುಲಿನ್ ಕೂಡ ಪೆಪ್ಟೈಡೇ ಸ್ವಾಮಿ, 51 ಅಮೈನೊ ಆಮ್ಲ.

ಬಾಟಲಿಯ ವಿಷಯ ಹೇಳುತ್ತೇನೆ. ಇದನ್ನು ಮಾಡುವ ದಾರಿ 1963ರಲ್ಲಿ ಮೆರಿಫೀಲ್ಡ್ ತೋರಿಸಿಕೊಟ್ಟದ್ದು, ಅದಕ್ಕೆ 1984ರಲ್ಲಿ ನೊಬೆಲ್ ಬಂತು. ಸಾಸಿವೆಗಿಂತ ಸಣ್ಣ ರೆಸಿನ್ ಮಣಿಗಳಿಗೆ ಮೊದಲ ಅಮೈನೊ ಆಮ್ಲ ಅಂಟಿಸುತ್ತೇವೆ. ತೊಳೆಯುತ್ತೇವೆ. ಎರಡನೆಯದನ್ನು ಕೂಡಿಸುತ್ತೇವೆ. ಮತ್ತೆ ತೊಳೆಯುತ್ತೇವೆ. ಸೆಮ್ಯಾಕ್ಸ್‌ಗೆ ಏಳು ಕೊಂಡಿ, ಆರು ಜೋಡಣೆ. ಪ್ರತಿ ಜೋಡಣೆ 99 ಪರ್ಸೆಂಟ್ ಆಯಿತು ಅಂದುಕೊಳ್ಳಿ, ಕೊನೆಗೆ ಸರಿಯಾದ ಸರಪಳಿ ಸುಮಾರು 94 ಪರ್ಸೆಂಟ್ ಮಾತ್ರ. ಉಳಿದದ್ದು ಒಂದು ಕೊಂಡಿ ತಪ್ಪಿದವು. ಅವು ನೋಡಲು, ತೂಕದಲ್ಲಿ, ಗುಣದಲ್ಲಿ ಅಸಲಿಗೆ ಬಹಳ ಹತ್ತಿರ. ಬೇರ್ಪಡಿಸುವುದೇ ನಿಜವಾದ ಖರ್ಚು. ಸೋವಿ ಬಾಟಲಿ ಮಾರುವವರು ಉಳಿಸುವುದೂ ಅಲ್ಲೇ.

ಇನ್ನೊಂದು. ಸೆಮ್ಯಾಕ್ಸ್‌ನ ಮೊದಲ ಅಮೈನೊ ಆಮ್ಲ ಮೆಥಿಯೊನಿನ್. ಅದಕ್ಕೆ ಗಾಳಿ ಆಗಿಬರುವುದಿಲ್ಲ. ಆಮ್ಲಜನಕ ಸೇರಿಕೊಂಡು ಅಣುವಿನ ತೂಕ 16 ಏರುತ್ತದೆ. ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ ಯಂತ್ರದಲ್ಲಿ ಆ 16 ಎದ್ದು ಕಾಣುತ್ತದೆ, ಬಾಟಲಿಯಲ್ಲಿ ಏನೂ ಕಾಣುವುದಿಲ್ಲ, ಪುಡಿ ಹಾಗೇ ಬಿಳಿ. ಇಂಥ ಪುಡಿಯನ್ನು ನಾವು ಮೈನಸ್ 20 ಡಿಗ್ರಿಯಲ್ಲಿ ಇಡುತ್ತೇವೆ. ತಮ್ಮನ ಬಾಟಲಿ ಫ್ರಿಡ್ಜ್ ಸೇರುವ ಮುಂಚೆ ಎಷ್ಟು ದಿನ ಕೊರಿಯರ್ ಚೀಲದಲ್ಲಿತ್ತೋ!

ಎಚ್‌ಎಸ್‌ಆರ್ ಹುಡುಗ

ಸರ್, ನನ್ನದಕ್ಕೆ ಸಿಒಎ ಇದೆ. ಪರೀಕ್ಷಾ ಪ್ರಮಾಣಪತ್ರ. ಶುದ್ಧತೆ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ 99.2 ಪರ್ಸೆಂಟ್ ಶುದ್ಧ. ನಾನೇನು ಕಣ್ಣು ಮುಚ್ಚಿ ಕೊಂಡಿಲ್ಲ.

ಬೊಮ್ಮಸಂದ್ರ ಕೆಮಿಸ್ಟ್

ಒಳ್ಳೆಯದು. ಮೂರು ಪ್ರಶ್ನೆ. ಆ ಪತ್ರದ ಬ್ಯಾಚ್ ನಂಬರ್ ನಿಮ್ಮ ಬಾಟಲಿ ಮೇಲೂ ಇದೆಯಾ? ನೆಟ್ ಪೆಪ್ಟೈಡ್ ಕಂಟೆಂಟ್, ಅಂದರೆ ಪುಡಿಯಲ್ಲಿ ಪೆಪ್ಟೈಡ್ ನಿಜವಾಗಿ ಎಷ್ಟು ಅಂತ ಒಂದು ಸಾಲು ಇದೆಯಾ? ಎಂಡೊಟಾಕ್ಸಿನ್ ಅಂತ ಒಂದು ಸಾಲು ಇದೆಯಾ?

99.2 ಅಂದರೆ ಆ ಯಂತ್ರಕ್ಕೆ ಕಾಣುವ ವಸ್ತುಗಳ ಪೈಕಿ 99.2. ಪುಡಿಯಲ್ಲಿರುವ ನೀರು ಮತ್ತು ಅಸಿಟೇಟ್ ಉಪ್ಪು ಆ ಲೆಕ್ಕಕ್ಕೆ ಬರುವುದೇ ಇಲ್ಲ. 10 ಎಂಜಿ ಪುಡಿ ತೂಗಿದರೆ ಒಳಗೆ ಪೆಪ್ಟೈಡ್ 7 ಅಥವಾ 8 ಎಂಜಿ ಇರುವುದು ನಮ್ಮಲ್ಲಿ ಮಾಮೂಲಿ. ಅದನ್ನು ಬರೆದುಕೊಟ್ಟರೆ ಪ್ರಾಮಾಣಿಕ. ಇನ್ನು ಎಂಡೊಟಾಕ್ಸಿನ್ ಅಂದರೆ ಸತ್ತ ಬ್ಯಾಕ್ಟೀರಿಯಾದ ಗೋಡೆಯ ಚೂರು. ಎಚ್‌ಪಿಎಲ್‌ಸಿಗೆ ಕಾಣುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ, ಮೈಗೆ ಸೇರಿದರೆ ಜ್ವರ ಬರಿಸುತ್ತದೆ.

ಎಚ್‌ಎಸ್‌ಆರ್ ಹುಡುಗ

ಬ್ಯಾಚ್ ನಂಬರ್ ಪತ್ರದಲ್ಲಿದೆ, ಬಾಟಲಿ ಮೇಲೆ ಇಲ್ಲ. ಉಳಿದ ಎರಡು ಸಾಲು ಇಲ್ಲ.

ಆದರೂ ಹೇಳುತ್ತೇನೆ, ಇದು ಮಾರಾಟಗಾರರ ತಪ್ಪು, ಪೆಪ್ಟೈಡಿನ ತಪ್ಪಲ್ಲ. ರಷ್ಯಾದ ಅಂಗಡಿಯಿಂದಲೇ ತರಿಸಿದರೆ ಈ ವಾದ ಬಿದ್ದುಹೋಗುತ್ತದೆ. ಅಮೆರಿಕ ಒಪ್ಪಿಲ್ಲ ಅನ್ನುವ ಒಂದೇ ಕಾರಣಕ್ಕೆ ನಾವು ಮೂಗು ಮುರಿಯುತ್ತೇವೆ. ಈ ಪೆಪ್ಟೈಡಿಗೆ ಈಗ ಹೊಸ ಪೇಟೆಂಟಿನ ಆಸೆಯಿಲ್ಲ, ದೊಡ್ಡ ಕಂಪನಿ ಯಾಕೆ ಕೋಟಿಗಟ್ಟಲೆ ಸುರಿದು ಪ್ರಯೋಗ ಮಾಡುತ್ತದೆ?

ಮಲ್ಲೇಶ್ವರಂ ಮೇಷ್ಟ್ರು

ನಿವೃತ್ತ ಜೀವಶಾಸ್ತ್ರದ ಮೇಷ್ಟ್ರು ನಾನು. ಹುಡುಗ ಕೇಳಿದ್ದು ನ್ಯಾಯವಾದ ಪ್ರಶ್ನೆ. ಆದರೆ ಈ ಕತೆ ಮಾಸ್ಕೋದಲ್ಲಿ ಶುರುವಾಗಿದ್ದಲ್ಲಪ್ಪ.

ಸೆಮ್ಯಾಕ್ಸ್‌ನ ಮೊದಲ ನಾಲ್ಕು ಕೊಂಡಿ ಎಸಿಟಿಎಚ್ ಎನ್ನುವ ಹಾರ್ಮೋನಿನ 4ರಿಂದ 7ನೆಯ ತುಂಡು. ಕೊನೆಯ ಮೂರು ಕೊಂಡಿ ಬೇಗ ಒಡೆದುಹೋಗದಿರಲಿ ಎಂದು ರಷ್ಯನ್ನರು ಸೇರಿಸಿದ್ದು. ಎಸಿಟಿಎಚ್ ತುಂಡಿಗೂ ನೆನಪಿಗೂ ನಂಟಿದೆ ಎಂದು ಮೊದಲು ಬಲವಾಗಿ ಹೇಳಿದವರು ಹಾಲೆಂಡಿನ ಯುಟ್ರೆಕ್ಟ್‌ನ ಡೇವಿಡ್ ಡಿ ವೀಡ್. 1960ರ ದಶಕದಲ್ಲಿ ಅವರು ಪಿಟ್ಯುಟರಿ ಗ್ರಂಥಿ ತೆಗೆದ ಇಲಿಗಳನ್ನು ನೋಡುತ್ತಿದ್ದರು. ಆ ಇಲಿಗಳು ಶಾಕ್ ತಪ್ಪಿಸಿಕೊಳ್ಳುವುದನ್ನು ಕಲಿಯಲು ಒದ್ದಾಡುತ್ತಿದ್ದವು. ಈ ತುಂಡುಗಳನ್ನು ಕೊಟ್ಟರೆ ಕಲಿಯುತ್ತಿದ್ದವು. ಎಲ್ಲರಿಗೂ ರೋಮಾಂಚನ. ಆರ್ಗನಾನ್ ಕಂಪನಿ ಅದೇ ಜಾತಿಯ, ಬೇಗ ಕರಗದ ಒಂದು ಪೆಪ್ಟೈಡ್ ಮಾಡಿತು, ಒಆರ್‌ಜಿ 2766. ನಿನ್ನ ದೊಡ್ಡ ಕಂಪನಿ, ನಿನ್ನ ದೊಡ್ಡ ದುಡ್ಡು, ಎರಡೂ ಇತ್ತು. 1980ರ ದಶಕದಲ್ಲಿ ಮರೆವಿನ ಕಾಯಿಲೆಯ ಹಿರಿಯರಿಗೆ ಕೊಟ್ಟು ನೋಡಿದರು. ನೆನಪಿನಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಕೈಬಿಟ್ಟರು.

ಇಲಿ ಕಲಿತದ್ದು ಸುಳ್ಳಲ್ಲ. ಇಲಿಯ ಶಾಕು ಬೇರೆ, ಗ್ಯಾಸ್ ಬುಕ್ ಮಾಡುವುದನ್ನು ಮರೆಯುವ ಅಪ್ಪ ಬೇರೆ.

ಎಚ್‌ಎಸ್‌ಆರ್ ಹುಡುಗ

ಮೇಷ್ಟ್ರೇ, ಅದು ನಲವತ್ತು ವರ್ಷದ ಹಿಂದಿನ ಮಾತು. ಆಗ ಅಲ್ಜೈಮರ್ ಇದೆಯೋ ಇಲ್ಲವೋ ಎಂದು ರಕ್ತದಲ್ಲೋ ಸ್ಕ್ಯಾನ್‌ನಲ್ಲೋ ನೋಡಲು ಬರುತ್ತಿರಲಿಲ್ಲ. ಮೆದುಳು ಅರ್ಧ ಹೋದ ಮೇಲೆ ಔಷಧಿ ಕೊಟ್ಟರೆ ಯಾವುದು ತಾನೇ ಕೆಲಸ ಮಾಡುತ್ತದೆ? ಅಕ್ಕನ ಅಪ್ಪ ಇರುವುದು ಶುರುವಿನಲ್ಲಿ. ಕೊಡಬೇಕಾದರೆ ಈಗಲೇ ಕೊಡಬೇಕು.

ಬೊಮ್ಮಸಂದ್ರ ಕೆಮಿಸ್ಟ್

ಶುರುವಿನಲ್ಲೇ ಕೊಟ್ಟು ನೋಡಿದ್ದಾರೆ ಗುರು, ಅದೂ ಹೊಸ ಕಾಲದ ಅಳತೆಗಳೊಂದಿಗೆ.

ಸೆಮಾಗ್ಲುಟೈಡ್ ಗೊತ್ತಲ್ಲ, ಸಕ್ಕರೆಗೂ ತೂಕಕ್ಕೂ ಈಗ ಊರೆಲ್ಲ ಕೇಳುತ್ತಿರುವ ಪೆಪ್ಟೈಡ್. ಅದನ್ನು ತೆಗೆದುಕೊಂಡ ಸಕ್ಕರೆ ಕಾಯಿಲೆಯವರಲ್ಲಿ ಡಿಮೆನ್ಷಿಯಾ ಕಡಿಮೆ ಕಾಣುತ್ತಿದೆ ಎಂದು ಆಸ್ಪತ್ರೆಯ ದಾಖಲೆಗಳಿಂದ ಆಸೆ ಹುಟ್ಟಿತು. ನೊವೊ ನಾರ್ಡಿಸ್ಕ್ ಎವೋಕ್ ಮತ್ತು ಎವೋಕ್ ಪ್ಲಸ್ ಎಂಬ ಎರಡು ಪ್ರಯೋಗ ಮಾಡಿತು. ಒಟ್ಟು 3808 ಜನ, 55ರಿಂದ 85 ವಯಸ್ಸು. ಎಲ್ಲರೂ ಅಲ್ಜೈಮರ್‌ನ ಶುರುವಿನ ಹಂತದವರು, ಎಂಸಿಐ ಅಥವಾ ಸೌಮ್ಯ ಡಿಮೆನ್ಷಿಯಾ. ಅಂದರೆ ಅಕ್ಕನ ಅಪ್ಪ ಇರುವ ಹಂತವೂ ಅದರಲ್ಲಿದೆ. ಎರಡು ವರ್ಷ ಮಾತ್ರೆ ಕೊಟ್ಟರು. 2025ರ ನವೆಂಬರ್‌ನಲ್ಲಿ ಫಲಿತಾಂಶ ಬಂತು. ರಕ್ತ ಮತ್ತು ಬೆನ್ನುಹುರಿ ನೀರಿನಲ್ಲಿ ಅಳೆಯುವ ಕೆಲವು ಗುರುತುಗಳು ಸುಧಾರಿಸಿದವು. ಮನುಷ್ಯರು ಸುಧಾರಿಸಲಿಲ್ಲ. ಕಾಯಿಲೆ ಡಮ್ಮಿ ಮಾತ್ರೆ ತಿಂದವರಷ್ಟೇ ವೇಗವಾಗಿ ಹೋಯಿತು.

ನೀವು ಹೇಳುವ ಬಿಡಿಎನ್‌ಎಫ್ ಕೂಡ ಅಂಥದೇ ಒಂದು ಗುರುತು, ಅದೂ ಇಲಿಯಲ್ಲಿ.

ಸುಮ್ನೆ ಓದುವವ

ನಾನು ಹೇಳಿದ್ದು ಅದನ್ನೇ. ದಂಧೆ. ಒಂದೂ ಕೆಲಸ ಮಾಡುವುದಿಲ್ಲ.

ಮಲ್ಲೇಶ್ವರಂ ಮೇಷ್ಟ್ರು

ಒಂದೂ ಇಲ್ಲ ಅನ್ನಬೇಡಿ. ಟ್ರೋಫಿನೆಟೈಡ್ ಇದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಮಾರ್ಗರೆಟ್ ಬ್ರಿಂಬಲ್ ತಂಡದ ಕೆಲಸ. ಐಜಿಎಫ್-1 ಎಂಬ ಪ್ರೋಟೀನಿನ ತುದಿಯಲ್ಲಿರುವ ಮೂರೇ ಮೂರು ಅಮೈನೊ ಆಮ್ಲ ತೆಗೆದುಕೊಂಡರು. ನಡುವಿನದಕ್ಕೆ ಒಂದು ಮಿಥೈಲ್ ಸೇರಿಸಿದರು, ಬೇಗ ಒಡೆಯದಿರಲಿ ಎಂದು. ಬಾಯಿಯಿಂದಲೇ ಕುಡಿಯುವ ಔಷಧಿ. ರೆಟ್ ಸಿಂಡ್ರೋಮ್‌ಗೆ 2023ರ ಮಾರ್ಚ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು. ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಬರುವ ಕಾಯಿಲೆ ಅದು. ಚೆನ್ನಾಗಿ ಬೆಳೆಯುತ್ತಿದ್ದ ಮಗು ಒಂದೂವರೆ ವರ್ಷದ ಆಸುಪಾಸಿನಲ್ಲಿ ಕಲಿತ ಮಾತು, ಕೈಕೆಲಸ ಕಳೆದುಕೊಳ್ಳುತ್ತದೆ. 187 ಹುಡುಗಿಯರಲ್ಲಿ 12 ವಾರ ಪರೀಕ್ಷಿಸಿ ಲಾಭವಿದೆ ಎಂದು ತೋರಿಸಿದರು.

ಹಾಗಂತ ಅದೂ ಹೂವಿನ ಹಾಸಿಗೆಯಲ್ಲ. ತೆಗೆದುಕೊಂಡ ಹತ್ತು ಮಕ್ಕಳಲ್ಲಿ ಎಂಟಕ್ಕೆ ಭೇದಿ. ಬೆಲೆ ಕೇಳಲೇಬೇಡಿ, ಅಮೆರಿಕದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್. ಆದರೆ ಗಮನಿಸಿ: ಒಂದು ನಿರ್ದಿಷ್ಟ ಕಾಯಿಲೆ, ಅದಕ್ಕೆ ಕಾರಣವಾದ ಒಂದು ನಿರ್ದಿಷ್ಟ ಜೀನ್, ಅದಕ್ಕೆಂದೇ ಹಿಡಿದ ಅಳತೆ. ಬ್ರೈನ್ ಬೂಸ್ಟ್ ಅಂತ ಯಾರೂ ಮಾರಲಿಲ್ಲ.

ನಮ್ಮ ಊರಿನದೂ ಒಂದು ಹೇಳಲಾ? ಶಂಕುಬಸವನ ಹುಳು ತನ್ನ ಬೇಟೆಯನ್ನು ಕುಟುಕಿ ಮರಗಟ್ಟಿಸುವುದು ಪೆಪ್ಟೈಡ್‌ನಿಂದ. ನಮ್ಮ ಕಡಲ ತೀರದ ಅಂಥ ಜೀವಿಗಳ ವಿಷವನ್ನು ಐಐಎಸ್‌ಸಿಯಲ್ಲಿ ಪಿ. ಬಲರಾಮ್ ಅವರ ಲ್ಯಾಬ್ ವರ್ಷಗಟ್ಟಲೆ ಬಿಡಿಸಿ ನೋಡಿದೆ. ಅದೇ ಕುಲದ ಬೇರೊಂದು ಹುಳುವಿನ ವಿಷದ ಮಾದರಿಯಲ್ಲಿ ಕೃತಕವಾಗಿ ಮಾಡಿದ ಜಿಕೊನೊಟೈಡ್ 2004ರಲ್ಲಿ ಅಮೆರಿಕದಲ್ಲಿ ನೋವಿನ ಔಷಧಿಯಾಯಿತು. 25 ಅಮೈನೊ ಆಮ್ಲ. ಆದರೆ ಅದನ್ನು ಪಂಪ್ ಇಟ್ಟು ನೇರ ಬೆನ್ನುಹುರಿಯ ನೀರಿಗೇ ಬಿಡಬೇಕು. ರಕ್ತಕ್ಕೆ ಕೊಟ್ಟರೆ ನರದವರೆಗೆ ಹೋಗಲು ದಾರಿಯೇ ಇಲ್ಲ. ರಕ್ತಕ್ಕೂ ಮೆದುಳಿಗೂ ನಡುವೆ ಇರುವ ಗೋಡೆ ಅಷ್ಟು ಬಿಗಿ.

ಎಚ್‌ಎಸ್‌ಆರ್ ಹುಡುಗ

ಅದಕ್ಕೇ ಮೂಗು! ಮೂಗಿನ ಮೇಲ್ಭಾಗದ ವಾಸನೆಯ ನರಗಳ ಮೂಲಕ ಗೋಡೆ ತಪ್ಪಿಸಿ ಹೋಗಬಹುದು. ಇದು ನನ್ನ ಕಲ್ಪನೆ ಅಲ್ಲ, ಎಲ್ಲ ಕಡೆ ಸಂಶೋಧನೆ ನಡೆದಿದೆ.

ಬೊಮ್ಮಸಂದ್ರ ಕೆಮಿಸ್ಟ್

ನಡೆದಿದೆ. ಫಲಿತಾಂಶವನ್ನೂ ಹೇಳಬೇಕಲ್ಲ. ಮೂಗಿಗೆ ಇನ್ಸುಲಿನ್ ಹಾಕಿ ನೋಡಿದ ಸ್ನಿಫ್ ಪ್ರಯೋಗ, 289 ಜನ, 2020ರಲ್ಲಿ ಪ್ರಕಟವಾಯಿತು. ಮೊದಲು ತಂದ ಸ್ಪ್ರೇ ಯಂತ್ರವೇ ಸರಿಯಾಗಿ ಕೆಲಸ ಮಾಡಲಿಲ್ಲ, ನಡುವೆ ಬೇರೆ ಯಂತ್ರಕ್ಕೆ ಬದಲಾಯಿಸಿದರು. ಮುಖ್ಯ ಅಳತೆಯಲ್ಲಿ ಲಾಭ ಇಲ್ಲ. ಡಾವುನೆಟೈಡ್ ಅಂತ ಎಂಟು ಅಮೈನೊ ಆಮ್ಲದ್ದು, ಇದೂ ಮೂಗಿಗೇ. ಪಿಎಸ್‌ಪಿ ಎಂಬ, ಮೆದುಳು ಸವೆಯುವ ಕಾಯಿಲೆಯ 313 ಜನರಿಗೆ ಒಂದು ವರ್ಷ ಕೊಟ್ಟರು. ಲಾಭ ಇಲ್ಲ. ಆಸ್ಪತ್ರೆಯವರು ಅಳತೆಯ ಯಂತ್ರ ಕೊಟ್ಟು ಕಲಿಸಿದರೂ ಹೀಗೆ. ಮನೆಯಲ್ಲಿ ಕನ್ನಡಿ ಮುಂದೆ ತಲೆ ಹಿಂದಕ್ಕೆ ಹಾಕಿ ಬಿಟ್ಟ ಹನಿಯಲ್ಲಿ ಎಷ್ಟು ಮೇಲೆ ಹೋಯಿತು, ಎಷ್ಟು ಗಂಟಲಿಗೆ ಇಳಿಯಿತು?

ನರ್ಸಕ್ಕ

ಡ್ಯೂಟಿ ಮುಗಿಸಿ ಈಗ ಓದಿದೆ. ಎಲ್ಲರೂ ಪೆಪ್ಟೈಡ್ ಪೆಪ್ಟೈಡ್ ಅನ್ನುತ್ತಿದ್ದೀರಿ, ಯಾರೂ ನೀರಿನ ಬಗ್ಗೆ ಕೇಳಲಿಲ್ಲ. ಆ ಪುಡಿ ಕರಗಿಸಲು ಯಾವ ನೀರು? ಕೇರಳದಲ್ಲಿ 2024, 2025ರಲ್ಲಿ ಅಮೀಬಾ ಮೆದುಳು ಜ್ವರದ ಸುದ್ದಿ ಓದಿದ್ದೀರಲ್ಲ. ನೇಗ್ಲೇರಿಯಾ ಅನ್ನುವ ಅಮೀಬಾ ಮೆದುಳಿಗೆ ಹೋಗುವುದು ಮೂಗಿನಿಂದಲೇ, ಈ ಹುಡುಗ ಹೇಳಿದ ಅದೇ ವಾಸನೆಯ ನರದ ದಾರಿಯಲ್ಲಿ. ಕುಡಿದರೆ ಏನೂ ಆಗದ ನೀರು ಮೂಗಿಗೆ ಆಗುವುದಿಲ್ಲ. ಎಚ್‌ಎಸ್‌ಆರ್, ನೀವು ಯಾವ ನೀರು ಹಾಕುತ್ತೀರಿ?

ಇನ್ನು ಆಸ್ಪತ್ರೆಯಲ್ಲಿ ನಾನು ನೋಡಿದ್ದು. ಲಕ್ವ ಆದವರ ಮನೆಯವರು ಸೆರೆಬ್ರೊಲೈಸಿನ್ ಹಾಕಿಸಿ ಅಂತ ಕೇಳುತ್ತಾರೆ. ಇದು ಇಲ್ಲಿ ಸಿಗುವ ಔಷಧಿಯೇ, ಡಾಕ್ಟರುಗಳೇ ಬರೆಯುತ್ತಾರೆ. ಕೃತಕ ಅಲ್ಲ, ಹಂದಿಯ ಮೆದುಳಿನಿಂದ ತೆಗೆದ ಪೆಪ್ಟೈಡ್‌ಗಳ ಮಿಶ್ರಣ. ಇದನ್ನು ಹೇಳಿದರೆ ಒಬ್ಬರು ಅಜ್ಜಿ ಹೌಹಾರಿ, ದೇವರ ಮನೆ ಕಡೆ ತಿರುಗಿ ಕೈಮುಗಿದರು ಎಂದು ಅವರ ಸೊಸೆ ಹೇಳಿದಳು. ಆ ಮಾತು ಬಿಡಿ. ಔಷಧಿ ಪ್ರಯೋಗಗಳನ್ನು ತೂಗಿ ನೋಡುವ ಕೊಕ್ರೇನ್ ಎಂಬ ಸಂಸ್ಥೆಯವರು ಇದರ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಲಕ್ವದಲ್ಲಿ ಸಾವು ತಪ್ಪಿಸುವುದರಲ್ಲಿ ಬಹುಶಃ ಏನೂ ವ್ಯತ್ಯಾಸ ಇಲ್ಲ, ಗಂಭೀರ ಅಡ್ಡ ಪರಿಣಾಮ ಜಾಸ್ತಿ ಆಗಬಹುದು ಎಂದರು. ಒಂದು ಕಡೆ ಡಾಕ್ಟರು ಬರೆಯುತ್ತಾರೆ ಅಂದ ಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತಲ್ಲ. ಅದು ರಷ್ಯಾ ಆಗಲಿ, ನಮ್ಮ ಬೆಂಗಳೂರು ಆಗಲಿ.

ಮಗಳೇ, ಅಪ್ಪನ ಬಿ12 ನೋಡಿಸಿದಿರಾ? ಥೈರಾಯ್ಡ್? ಕಿವಿ? ರಾತ್ರಿ ನಿದ್ದೆ ಹೇಗೆ? ಬೇರೆ ಏನು ಮಾತ್ರೆ ತೆಗೆದುಕೊಳ್ಳುತ್ತಾರೆ?

ವಿಜಯನಗರದ ಮಗಳು

ಥೈರಾಯ್ಡ್ ಸರಿ ಇದೆ ಅಕ್ಕ. ಬಿ12 ಬರೆದುಕೊಟ್ಟಿದ್ದಾರೆ, ನಾವೇ ಇನ್ನೂ ರಕ್ತ ಕೊಟ್ಟಿಲ್ಲ. ಕಿವಿ ಯಾರೂ ಕೇಳಲಿಲ್ಲ. ಆದರೆ ಟಿವಿ ಸೌಂಡ್ ಎಷ್ಟು ಇಡುತ್ತಾರೆ ಅಂದರೆ ಕೆಳಗಿನ ಮನೆಯವರು ಮೇಲೆ ಬಂದಿದ್ದರು. ಬಿಪಿ ಮಾತ್ರೆ ಇದೆ. ನಿದ್ದೆಗೆ ಅಂತ ಒಂದು ಹಳೆಯ ಮಾತ್ರೆಯನ್ನು ಆಗಾಗ ತೆಗೆದುಕೊಳ್ಳುತ್ತಾರೆ, ಅದು ನರರೋಗದ ಡಾಕ್ಟರಿಗೆ ಗೊತ್ತಿಲ್ಲ.

ನರ್ಸಕ್ಕ

ಆ ನಿದ್ದೆ ಮಾತ್ರೆಯ ಸ್ಟ್ರಿಪ್ ಫೋಟೊ ತೆಗೆದು ಡಾಕ್ಟರಿಗೆ ತೋರಿಸಿ. ಕೆಲವು ನಿದ್ದೆ ಮಾತ್ರೆಗಳೇ ಹಿರಿಯರಲ್ಲಿ ಮರೆವು ತರುತ್ತವೆ. ಹಾಗಂತ ನೀವೇ ಹೋಗಿ ಒಮ್ಮೆಲೇ ನಿಲ್ಲಿಸಬೇಡಿ, ಅದೂ ತೊಂದರೆ. ಕಿವಿ ಪರೀಕ್ಷೆ ಮಾಡಿಸಿ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಡಿಮೆನ್ಷಿಯಾಗೆ ದಾರಿ ಮಾಡುವ, ನಾವು ತಿದ್ದಬಹುದಾದ 14 ಕಾರಣ ಪಟ್ಟಿ ಮಾಡಿತು. ಕಿವುಡು, ಬಿಪಿ, ಸಕ್ಕರೆ, ಕಣ್ಣು, ಕೆಟ್ಟ ಕೊಬ್ಬು, ಒಂಟಿತನ ಎಲ್ಲ ಅದರಲ್ಲಿವೆ. ಇವೆಲ್ಲ ಸೇರಿ ಸುಮಾರು 45 ಪರ್ಸೆಂಟ್ ಡಿಮೆನ್ಷಿಯಾ ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅವರ ಲೆಕ್ಕ.

ಎಚ್‌ಎಸ್‌ಆರ್ ಹುಡುಗ

ನರ್ಸಕ್ಕ, ಕ್ಷಮಿಸಿ, ಇಲ್ಲಿ ಎರಡು ತಕ್ಕಡಿ ಇದೆ. ಕಿವಿ ಮೆಷಿನ್‌ಗೆ ಅಚೀವ್ ಅಂತ ದೊಡ್ಡ ಪ್ರಯೋಗ ಆಯಿತಲ್ಲ, 2023ರಲ್ಲಿ. 977 ಜನ, ಮೂರು ವರ್ಷ. ಒಟ್ಟಾರೆ ಲೆಕ್ಕದಲ್ಲಿ ನೆನಪಿನ ಇಳಿತದಲ್ಲಿ ವ್ಯತ್ಯಾಸ ಇಲ್ಲ! ಅಪಾಯ ಜಾಸ್ತಿ ಇದ್ದ ಒಂದು ಗುಂಪಿನಲ್ಲಿ ಮಾತ್ರ 48 ಪರ್ಸೆಂಟ್ ನಿಧಾನ ಆಯಿತು ಅಂತ ಎಲ್ಲರೂ ಅದನ್ನೇ ಹೇಳುತ್ತಾರೆ. ಪೆಪ್ಟೈಡ್ ಸೋತರೆ ಸೋತಿತು, ಕಿವಿ ಮೆಷಿನ್ ಸೋತರೆ ಒಳಗುಂಪು ಹುಡುಕುವುದು. ಇದು ನ್ಯಾಯಾನಾ?

ಬೊಮ್ಮಸಂದ್ರ ಕೆಮಿಸ್ಟ್

ಈ ಚರ್ಚೆಯಲ್ಲಿ ಇಷ್ಟು ಹೊತ್ತಿಗೆ ಬಂದ ಅತ್ಯುತ್ತಮ ಪ್ರಶ್ನೆ ಇದು. ತಮಾಷೆಗೆ ಹೇಳುತ್ತಿಲ್ಲ.

ಒಳಗುಂಪಿನ ಆಸೆ ಎಲ್ಲಿಗೆ ಒಯ್ಯುತ್ತದೆ ಅನ್ನುವುದಕ್ಕೆ ಪೆಪ್ಟೈಡ್ ಲೋಕದಲ್ಲೇ ಒಂದು ಕತೆ ಇದೆ. ನೆರಿನೆಟೈಡ್. 20 ಅಮೈನೊ ಆಮ್ಲ, ಕೆನಡಾದಲ್ಲಿ ಹುಟ್ಟಿದ್ದು. ಲಕ್ವದಲ್ಲಿ ರಕ್ತ ಸಿಗದೆ ಒದ್ದಾಡುವ ನರಕೋಶವನ್ನು ಉಳಿಸಬೇಕು ಅನ್ನುವುದು ಉದ್ದೇಶ. 1105 ರೋಗಿಗಳ ಪ್ರಯೋಗ, 2020ರಲ್ಲಿ ಬಂತು. 90 ದಿನಗಳ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಮಟ್ಟಕ್ಕೆ ಬಂದವರು ಔಷಧಿ ಪಡೆದವರಲ್ಲಿ 61.4 ಪರ್ಸೆಂಟ್, ಪಡೆಯದವರಲ್ಲಿ 59.2. ಅಂದರೆ ಹೇಳಿಕೊಳ್ಳುವಂಥದ್ದಲ್ಲ. ಒಳಗೆ ನೋಡಿದರೆ, ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಕೊಡದ ರೋಗಿಗಳಲ್ಲಿ ಲಾಭ ಚೆನ್ನಾಗಿ ಕಂಡಿತ್ತು. ಕಾರಣವೂ ಸಿಕ್ಕಿತು. ಆಲ್ಟೆಪ್ಲೇಸ್ ರಕ್ತದಲ್ಲಿ ಪ್ಲಾಸ್ಮಿನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಆ ಪ್ಲಾಸ್ಮಿನ್ ಈ ಪೆಪ್ಟೈಡನ್ನೇ ಕತ್ತರಿಸಿ ಹಾಕುತ್ತದೆ. ಅಣುವಿನ ಮಟ್ಟದಲ್ಲಿ ಎಷ್ಟು ಅಚ್ಚುಕಟ್ಟಾದ ವಿವರಣೆ ನೋಡಿ. ನಾವೆಲ್ಲ ಲ್ಯಾಬ್‌ನಲ್ಲಿ ಕೂತು ಇದು ಗ್ಯಾರಂಟಿ ಎಂದಿದ್ದೆವು. ಆಮೇಲೆ ಆಲ್ಟೆಪ್ಲೇಸ್ ಕೊಡದವರಲ್ಲೇ, 850 ರೋಗಿಗಳೊಂದಿಗೆ, ಹೊಸ ಪ್ರಯೋಗ ಮಾಡಿದರು. ವ್ಯತ್ಯಾಸ ಸಿಗಲಿಲ್ಲ.

ಹಾಗಾಗಿ ಕಿವಿ ಮೆಷಿನ್‌ನ 48 ಪರ್ಸೆಂಟ್ ಮೇಲೂ ನಾನು ಪಣ ಕಟ್ಟುವುದಿಲ್ಲ.

ನರ್ಸಕ್ಕ

ಕಟ್ಟಬೇಡಿ. ಆದರೆ ಮೆಷಿನ್ ಹಾಕಿದರೆ ಅವರಿಗೆ ಕಿವಿ ಕೇಳುತ್ತದೆ! ಮೊಮ್ಮಕ್ಕಳ ಜೊತೆ ಮಾತಾಡುತ್ತಾರೆ, ಕೆಳಗಿನ ಮನೆಯವರು ಮೇಲೆ ಬರುವುದು ನಿಲ್ಲುತ್ತದೆ. ನೆನಪಿಗೆ ಲಾಭ ಆಗದಿದ್ದರೂ ಕೈಯಲ್ಲಿ ಒಂದು ಲಾಭ ಇದೆ. ನಿಮ್ಮ ಹನಿ ಕೆಲಸ ಮಾಡದಿದ್ದರೆ ಕೈಯಲ್ಲಿ ಏನಿರುತ್ತದೆ?

ನೀರಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ವಿಜಯನಗರದ ಮಗಳು

ತಮ್ಮ ಇದನ್ನೆಲ್ಲ ಓದುತ್ತಿದ್ದಾನೆ. ಸೆಮ್ಯಾಕ್ಸ್ ಬಿಡೋಣ, ಡೈಹೆಕ್ಸಾ ಬೇರೆ ಅನ್ನುತ್ತಾನೆ. ಬಿಡಿಎನ್‌ಎಫ್‌ಗಿಂತ ಎಷ್ಟೋ ಪಟ್ಟು ಶಕ್ತಿ, ನರಗಳ ನಡುವೆ ಹೊಸ ಕೊಂಡಿಗಳನ್ನೇ ಹುಟ್ಟಿಸುತ್ತದೆ ಅಂತ ಅವನ ವಾದ.

ಬೊಮ್ಮಸಂದ್ರ ಕೆಮಿಸ್ಟ್

ತಮ್ಮನಿಗೆ ನಮಸ್ಕಾರ. ದಯವಿಟ್ಟು ಆ ಆರ್ಡರ್ ಮಾಡಬೇಡಿ.

ಡೈಹೆಕ್ಸಾ ಬಂದದ್ದು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಿಂದ. ಆಂಜಿಯೊಟೆನ್ಸಿನ್ 4 ಎಂಬ ಪೆಪ್ಟೈಡನ್ನು ತಿದ್ದಿ ಮಾಡಿದ್ದು. ಅದೇ ಸಂಶೋಧನೆಯ ಬೆನ್ನು ಹಿಡಿದು ಅಥೀರಾ ಎಂಬ ಕಂಪನಿ ಹುಟ್ಟಿತು. 2021ರಲ್ಲಿ ಅದರ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು. ವಿದ್ಯಾರ್ಥಿಯಾಗಿದ್ದಾಗಿನ ಪೇಪರ್‌ಗಳಲ್ಲಿ ಚಿತ್ರಗಳನ್ನು ತಿದ್ದಿದ್ದರು ಎಂದು ಕಂಪನಿಯೇ ನಡೆಸಿದ ತನಿಖೆ ಹೇಳಿತು. ಕಂಪನಿ ಆಮೇಲೆ ಫಾಸ್ಗೊನಿಮೆಟಾನ್ ಎಂಬ ಸಂಬಂಧಿ ಔಷಧಿಯನ್ನು ಅಲ್ಜೈಮರ್ ರೋಗಿಗಳಲ್ಲಿ ಪರೀಕ್ಷಿಸಿತು. 2024ರಲ್ಲಿ ಅದೂ ಸೋತಿತು.

ಇದಕ್ಕಿಂತ ನನಗೆ ಹೆದರಿಕೆ ಇರುವುದು ಬೇರೆ ಕಡೆ. ಡೈಹೆಕ್ಸಾ ಎಳೆಯುವ ದಾರ ಎಚ್‌ಜಿಎಫ್ ಎಂಬ ಬೆಳವಣಿಗೆಯ ಪ್ರೋಟೀನ್ ಮತ್ತು ಕೋಶದ ಮೇಲೆ ಅದನ್ನು ಹಿಡಿಯುವ ಮೆಟ್. ಕೋಶಗಳಿಗೆ ಬೆಳೆಯಿರಿ, ಹರಡಿ ಎಂದು ಹೇಳುವ ದಾರಿ ಅದು. ಹಲವು ಕ್ಯಾನ್ಸರ್‌ಗಳು ಬಳಸುವುದೂ ಅದನ್ನೇ. ಮೆಟ್ ತಡೆಯುವ ಔಷಧಿಗಳನ್ನು ಶ್ವಾಸಕೋಶದ ಕ್ಯಾನ್ಸರ್‌ಗೆ ಕೊಡುತ್ತಾರೆ. 68 ವರ್ಷದವರ ಮೈಯಲ್ಲಿ ಎಲ್ಲೋ ಒಂದು ಗಂಟು ಸುಮ್ನೆ ಮಲಗಿದ್ದರೆ? ವರ್ಷಗಟ್ಟಲೆ ಕೊಟ್ಟರೆ ಏನಾಗುತ್ತದೆ ಎಂದು ಮನುಷ್ಯರಲ್ಲಿ ಯಾರೂ ನೋಡಿಲ್ಲ. 2023ರಲ್ಲಿ ಎಫ್‌ಡಿಎ ಅಲ್ಲಿನ ಔಷಧಿ ಕಲಸಿಕೊಡುವ ಅಂಗಡಿಗಳಿಗೆ ಸುರಕ್ಷತೆಯ ಅನುಮಾನ ಇರುವ ವಸ್ತುಗಳ ಪಟ್ಟಿ ಮಾಡಿತು. ಅದರಲ್ಲಿ ಡೈಹೆಕ್ಸಾ, ಸೆಮ್ಯಾಕ್ಸ್ ಎರಡೂ ಇದ್ದವು.

ಸುಮ್ನೆ ಓದುವವ

ಬಾದಾಮಿ ಅಂದಾಗ ಯಾರೂ ಕೇಳಲಿಲ್ಲ.

ಮಲ್ಲೇಶ್ವರಂ ಮೇಷ್ಟ್ರು

ಬಾದಾಮಿ ಕೊಡಲಿ, ತೊಂದರೆ ಏನಿಲ್ಲ, ಹಲ್ಲು ಗಟ್ಟಿ ಇದ್ದರೆ.

ಮಗಳೇ, ಆರು ತಿಂಗಳು ಎಂದು ಡಾಕ್ಟರು ಹೇಳಿದ್ದು ಕೈಚೆಲ್ಲಿ ಅಲ್ಲ. ಎಂಸಿಐ ಆದವರೆಲ್ಲ ಡಿಮೆನ್ಷಿಯಾಗೆ ಹೋಗುವುದಿಲ್ಲ. ಕೆಲವರು ಹಾಗೇ ಇರುತ್ತಾರೆ, ಕೆಲವರು ಸರಿಯೂ ಆಗುತ್ತಾರೆ. ಎರಡು ಸಲ ಅಳೆದರೆ ತಾನೇ ಇಳಿಯುತ್ತಿದೆಯೋ ನಿಂತಿದೆಯೋ ಗೊತ್ತಾಗುವುದು? ನಡುವೆ ಹನಿ ಹಾಕಿದರೆ ಆ ಎರಡನೆಯ ಅಳತೆಯೂ ಕೆಡುತ್ತದೆ. ಇನ್ನೊಬ್ಬರ ಅಭಿಪ್ರಾಯ ಬೇಕಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಬೆಳಗ್ಗೆ ಬೇಗ ಹೋಗಿ, ತಿಂಡಿ ಕಟ್ಟಿಕೊಂಡು ಹೋಗಿ, ಹಳೆಯ ರಿಪೋರ್ಟ್ ಎಲ್ಲ ಇರಲಿ.

ಸಂಶೋಧನೆಗೇ ಕೈ ಜೋಡಿಸಬೇಕು ಅನ್ನಿಸಿದರೆ ತಮ್ಮನಿಗೂ ನಿಮಗೂ ದಾರಿ ಇದೆ. ಐಐಎಸ್‌ಸಿ ಆವರಣದಲ್ಲಿ ಮೆದುಳು ಸಂಶೋಧನಾ ಕೇಂದ್ರ ಇದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡಿದೆ. ಬೆಂಗಳೂರಿನವರಿಗೂ ಅಂಥದೇ ಇನ್ನೊಂದು ಅಧ್ಯಯನ ನಡೆಸುತ್ತಿದೆ. ರಕ್ತ, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲ ಮಾಡುತ್ತಾರೆ. ಔಷಧಿ ಕೊಡುವುದಿಲ್ಲ. ನಮ್ಮವರ ಮೆದುಳು ಹೇಗೆ ಮುಪ್ಪಾಗುತ್ತದೆ ಎಂದು ಮೊದಲು ತಿಳಿಯಬೇಕಲ್ಲ. ಮುಂದೊಂದು ದಿನ ಪೆಪ್ಟೈಡ್ ಬಂದರೂ ಯಾರಿಗೆ ಕೊಡಬೇಕು ಎನ್ನುವುದಕ್ಕೆ ಆ ಲೆಕ್ಕವೇ ಬೇಕು.

ವಿಜಯನಗರದ ಮಗಳು

ನಾಳೆ ಬೆಳಗ್ಗೆ ಬಿ12 ಕೊಡಿಸುತ್ತೇನೆ. ಕಿವಿಗೆ ಶನಿವಾರ ಸಮಯ ಸಿಕ್ಕಿದೆ. ತಮ್ಮ ಸಿಟ್ಟಾಗಿದ್ದಾನೆ. ಬಾಟಲಿಗೆ ಅವನದೇ ದುಡ್ಡು. ಕೆಮಿಸ್ಟ್ ಸರ್, ಅದನ್ನು ಏನು ಮಾಡಲಿ?

ಬೊಮ್ಮಸಂದ್ರ ಕೆಮಿಸ್ಟ್

ಮಾರಿದವನಿಗೇ ವಾಪಸ್ ಕೊಟ್ಟು ದುಡ್ಡು ಕೇಳಲಿ. ಕೊಡುವುದಿಲ್ಲ. ಆಗ ತಮ್ಮನಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಎಚ್‌ಎಸ್‌ಆರ್ ಹುಡುಗ

ಅಪ್ಪನಿಗೆ ಬೇಡ, ಸರಿ, ಒಪ್ಪಿದೆ. ಆದರೆ ನನ್ನ ವಿಷಯದಲ್ಲಿ ನಾನು ಸೋತಿಲ್ಲ. ನನಗೆ ಕೆಲಸ ಮಾಡುತ್ತಿದೆ, ನನ್ನ ತಲೆ ನನಗೆ ಗೊತ್ತು.

ಬೊಮ್ಮಸಂದ್ರ ಕೆಮಿಸ್ಟ್

ಪರೀಕ್ಷೆ ಮಾಡೋಣ. ಹನಿ ನಿಲ್ಲಿಸಿ ಅಂತಲೇ ನನ್ನ ಮಾತು. ಹಾಕುವವರೇ ಆದರೆ ಹೀಗೆ ಮಾಡಿ. ಒಂದೇ ಥರದ ಎರಡು ಬಾಟಲಿ, ಒಂದರಲ್ಲಿ ನಿಮ್ಮ ಹನಿ, ಇನ್ನೊಂದರಲ್ಲಿ ಬರೀ ಸಲೈನ್. ಯಾವ ದಿನ ಯಾವುದು ಅಂತ ಮನೆಯವರು ನಾಣ್ಯ ಚಿಮ್ಮಿ ನಿರ್ಧರಿಸಿ ಬರೆದಿಟ್ಟುಕೊಳ್ಳಲಿ, ನಿಮಗೆ ಹೇಳಬಾರದು. ನೀವು ಪ್ರತಿದಿನ ಸಂಜೆ ಗಮನಕ್ಕೆ ಹತ್ತಕ್ಕೆ ಎಷ್ಟು ಅಂಕ ಎಂದು ಬರೆಯಿರಿ. ತಿಂಗಳ ಕೊನೆಗೆ ಎರಡು ಪಟ್ಟಿ ಪಕ್ಕ ಇಟ್ಟು ಇಲ್ಲಿ ಹಾಕಿ.

ಎಚ್‌ಎಸ್‌ಆರ್ ಹುಡುಗ

ಆಯಿತು. ರೂಮ್‌ಮೇಟ್ ಒಪ್ಪಿದ್ದಾನೆ. ಸ್ಪ್ರೆಡ್‌ಶೀಟ್ ಮಾಡಿಯೂ ಆಯಿತು.

ನರ್ಸಕ್ಕ

ಪಟ್ಟಿ ಆಮೇಲೆ. ಮೂರನೇ ಸಲ ಕೇಳುತ್ತಿದ್ದೇನೆ. ಯಾವ ನೀರು?

ಎಚ್‌ಎಸ್‌ಆರ್ ಹುಡುಗ

ಕ್ಯಾನ್ ನೀರು ಅಕ್ಕ. ಮನೆಗೆ ಬರುವ 20 ಲೀಟರ್ ಕ್ಯಾನ್.

ನರ್ಸಕ್ಕ

ಈಗಲೇ ಎದ್ದು ಹೋಗಿ ಆ ಬಾಟಲಿ ಚೆಲ್ಲು. ಚೆಲ್ಲಿ ಬಂದು ಇಲ್ಲಿ ಬರೆ.